ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ

ರೊಟ್ಟಿ ಮುಗಿಯಿತೆಂದು ಪಂಪಾಪತಿ ತಟ್ಟೆಯಲ್ಲೇ ಕೈ ತೊಳೆಯಲು ತಂಬಿಗೆ ಎತ್ತಿಕೊಂಡಿದ್ದ. ಅಷ್ಟರಲ್ಲಿ ಹೆಂಡತಿ ಶೇಖರಮ್ಮ ಬಂದು, ತಟ್ಟೆಯನ್ನು ಇದ್ದ ಜಾಗದಲ್ಲೇ ಅರ್ಧ ಸುತ್ತು ತಿರುಗಿಸಿದಳು. ಬದನೆಕಾಯಿ ಎಣ್ಣೆಗಾಯಿ ಬಂತು. ಶೇಂಗಾ ಚಟ್ನಿ ಬಂತು. ಮುರಿಯದ ಇನ್ನೊಂದು ರೊಟ್ಟಿಯೂ ಬಂತು. ಇಷ್ಟು ಹೊತ್ತು ಅವನು ಕೆಂಪು ಖಾರ ಹಚ್ಚಿಕೊಂಡು ಒಣ ರೊಟ್ಟಿ ತಿಂದಿದ್ದ. ತಿನ್ನುವಾಗ, ಈಕೆಗೆ ಇವತ್ತೇನು ಬೇಸರವೋ ಪಲ್ಯವನ್ನೇ ಮಾಡಿಲ್ಲ ಎಂದು ಒಳಗೊಳಗೇ ಸಿಟ್ಟಾಗಿಯೂ ಇದ್ದ. “ಹೊಟ್ಟಿ ತುಂಬಿತ್ತು, ಅದಕ್ಕ ಬಿಟ್ಟಿದ್ದೆ,” ಎಂದ. “ಹೌದೇನ್ರಿ,” ಎಂದಳು ಶೇಖರಮ್ಮ, ಅಷ್ಟೇ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಇಂಥದ್ದೇ ತಟ್ಟೆಯ ಮುಂದೆ ಕೂತು ಅವನು ಕೂಗಾಡಿದ್ದ: ಮೂರು ದಿನದಿಂದ ಪಲ್ಯ ಇಲ್ಲ, ಗಂಡ ಸತ್ತನೆಂದು ಮಾಡಿದ್ದೀಯಾ. ಅವಳು ಒಲೆಯ ಮುಂದೆ ಕೂತು ಅತ್ತಿದ್ದಳು. ಈಗ ಅಳುವುದನ್ನು ಬಿಟ್ಟು ತಟ್ಟೆ ತಿರುಗಿಸುವುದನ್ನು ಕಲಿತಿದ್ದಾಳೆ. ಅಳುತ್ತಿದ್ದುದೇ ವಾಸಿ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ. ಬೀಗರ ಮನೆಯಲ್ಲಿ ಉಂಡ ಹಾಗೆ ತಲೆ ತಗ್ಗಿಸಿ ಎಣ್ಣೆಗಾಯಿ ತಿಂದ.

ಕಣ್ಣಿಗೆ ಏನೂ ಆಗಿರಲಿಲ್ಲ, ಅದೇ ತಮಾಷೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವನಿಗೆ ನೋಡುವುದನ್ನು ಮತ್ತೆ ಕಲಿಸಿದ ವಾಣಿಶ್ರೀ ಎಂಬ ಹುಡುಗಿ, ಅವನ ಹಳೆಯ ವಿದ್ಯಾರ್ಥಿನಿಯರಷ್ಟೇ ವಯಸ್ಸಿನವಳು, ಮೊದಲನೇ ದಿನವೇ ಹೇಳಿದ್ದಳು: “ಕಣ್ಣು ಎರಡೂ ಛಲೋ ಅದಾವ್ರಿ ಸರ. ತಲಿ ಹಿಂದ ಬಲಕ್ಕ ಪೆಟ್ಟು ಬಿದ್ದೈತಲ್ರಿ, ಎಡಗಡೆದನ್ನ ನೋಡೂ ಜಾಗ ಅದ. ಯಾವ ಕಣ್ಣಿಲೆ ನೋಡಿದ್ರೂ ಎಡಗಡಿ ಅರ್ಧಾ ನಿಮಗ ಬರಂಗಿಲ್ಲ.” ಬರಂಗಿಲ್ಲ ಎಂದರೆ ಕತ್ತಲೆಯಾಗಿ ಕಾಣುತ್ತದೆ ಎಂದು ಜನ ತಿಳಿಯುತ್ತಾರೆ. ಕತ್ತಲೆ ಕಂಡಿದ್ದರೆ ಎಷ್ಟೋ ಚೆನ್ನಾಗಿತ್ತು, ಇಲ್ಲೇನೋ ಇದೆ ಎಂದಾದರೂ ಗೊತ್ತಾಗುತ್ತಿತ್ತು. ಬೆನ್ನ ಹಿಂದೆ ಇರುವುದು ಯಾರಿಗಾದರೂ ಕಪ್ಪಾಗಿ ಕಾಣುತ್ತದೆಯೇ? ಕಾಣುವುದೇ ಇಲ್ಲ, ಕಾಣುವುದಿಲ್ಲ ಎಂಬ ನೆನಪೂ ಇರುವುದಿಲ್ಲ. ಹಾಗೆ ಅವನ ಎಡಗಡೆ. ವಾಣಿಶ್ರೀ ಗೋಡೆಯ ಮೇಲೆ ಅಂಕಿ ಹಚ್ಚಿ ಹುಡುಕಿಸಿದಳು, ಮೊರದಲ್ಲಿ ಬೇಳೆ ಹರವಿ ನಡುವೆ ಹತ್ತು ಮೆಣಸು ಇಟ್ಟು ಹೆಕ್ಕಿಸಿದಳು. ಓದಿಗೆ ಒಂದು ಉಪಾಯ ಕೊಟ್ಟಳು. ಪುಟದ ಎಡತುದಿಗೆ ದಪ್ಪಗೆ ಒಂದು ಕೆಂಪು ಗೆರೆ. “ಹೊಲದಾಗ ಬದುವಿನ ತನಕ ಹೋಗಿ ಹಿಂದ ಹೊಳ್ತಾರಲ್ರಿ, ಹಂಗ. ಕೆಂಪು ಗೆರಿ ಸಿಗೂತನಕ ಎಡಕ್ಕ ಹೋಗ್ರಿ. ಸಿಕ್ಕಿದ ಮ್ಯಾಲ ಅಲ್ಲಿಂದ ಓದಾಕ ಹತ್ರಿ.” ಕೊನೆಯ ದಿನ ಬಾಗಿಲ ತನಕ ಬಂದು ಇನ್ನೊಂದು ಮಾತು ಹೇಳಿದಳು: “ಸಾಲ್ಯಾಗ ಹೇಳ್ರಿ ಸರ, ಮುಚ್ಚಿಡಬ್ಯಾಡ್ರಿ.” ಹೇಳುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ.

ಹೇಳಲಿಲ್ಲ. ಮತ್ತೆ ಕೆಲಸಕ್ಕೆ ಹಾಜರಾಗಲು ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಾಗಿತ್ತು. ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿದರು, ಕೊನೆಯ ಸಾಲಿನ ತನಕ ಗಡಗಡ ಓದಿದ. ಆಮೇಲೆ ಅವರು ನೇರ ನೋಡಲು ಹೇಳಿ ಪಕ್ಕದಲ್ಲಿ ಬೆರಳು ತೋರಿಸಿದಾಗ ಅವನು ಕಣ್ಣುಗುಡ್ಡೆಯನ್ನು ಸ್ವಲ್ಪವೇ ಸ್ವಲ್ಪ, ಕಳ್ಳ ಬೆಕ್ಕಿನ ಹಾಗೆ, ಎಡಕ್ಕೆ ಸರಿಸಿ ಎರಡು ಎಂದ, ಮೂರು ಎಂದ. ಇಪ್ಪತ್ತೆರಡು ವರ್ಷ ಪರೀಕ್ಷಾ ಕೋಣೆಯಲ್ಲಿ ಕಾಪಿ ಹೊಡೆಯುವ ಹುಡುಗರ ಕಿವಿ ಹಿಂಡಿದವನು ನಾನೇ ಎಂದು ಆ ಹೊತ್ತಿನಲ್ಲೂ ನೆನಪಾಯಿತು. ಅಪಘಾತವೂ ಅಂಥದ್ದೇ ಮರ್ಯಾದೆಗೇಡಿನದು. ಇರಕಲ್ಲಗಡದ ರಸ್ತೆಯಲ್ಲಿ ರೈತರು ಹುರುಳಿ ಕಿತ್ತು ತಂದು ಡಾಂಬರಿನ ಮೇಲೆ ಹರವುತ್ತಾರೆ, ಹೋಗಿ ಬರುವ ಗಾಡಿಗಳು ತುಳಿದು ಕಾಳು ಬಿಡಿಸಿಕೊಡಲಿ ಎಂದು. ಅದರ ಮೇಲೆ ಬೈಕು ಜಾರಿತು. ಹೆಲ್ಮೆಟ್ ಇತ್ತು. ಬೈಕಿನ ಕನ್ನಡಿಗೆ ನೇತು ಹಾಕಿತ್ತು. ಅದರ ಹಿಂದಿನ ವಾರವಷ್ಟೇ ಅವನು ಪ್ರಾರ್ಥನೆಯಲ್ಲಿ ಮಕ್ಕಳಿಗೆ ಹೆಲ್ಮೆಟ್ ಬಗ್ಗೆ ಅರ್ಧ ತಾಸು ಭಾಷಣ ಮಾಡಿದ್ದ.

ಕೊಪ್ಪಳದ ಬಸ್ ನಿಲ್ದಾಣದಲ್ಲಿ ಇವತ್ತು ಬೇಕಾದ ಸೀಟು ಸಿಗಲಿಲ್ಲ. ಅವನಿಗೆ ಬೇಕಾದದ್ದು ಎಡಗಡೆಯ ಕಿಟಕಿ. ಅಲ್ಲಿ ಕೂತರೆ ಕಾಣದ ಅರ್ಧವೆಲ್ಲ ಬಸ್ಸಿನ ಹೊರಗೆ ಬೀಳುತ್ತದೆ, ಮನುಷ್ಯರೆಲ್ಲ ಬಲಕ್ಕೆ ಉಳಿಯುತ್ತಾರೆ. ಬಲಗಡೆಯ ಕಿಟಕಿಗೆ ಕೂತ. “ಟಿಕೆಟ್ರಿ, ಟಿಕೆಟ್... ಏ ಮಾಸ್ತರ, ಎಷ್ಟ ಸಲ ಒದರಬೇಕ್ರಿ?” ಎಂದು ಕಂಡಕ್ಟರು ಹೆಗಲು ತಟ್ಟಿದಾಗ ಬೆಚ್ಚಿದ. ಯಾರೋ ನಕ್ಕರು. ತೊಡೆಯ ಮೇಲೆ ಹತ್ತನೇ ತರಗತಿಯ ಟೆಸ್ಟ್ ನೋಟ್‌ಬುಕ್ಕುಗಳ ಚೀಲ ಇತ್ತು. ಇವತ್ತು ಪಾಲಕರ ಸಭೆ. ಕನ್ನಡದಲ್ಲಿ ಇಡೀ ತರಗತಿ ಇಳಿದಿದೆ, ಹತ್ತು ಹನ್ನೆರಡು ಅಂಕ ಪ್ರತಿಯೊಬ್ಬರದೂ ಕಡಿಮೆ. ಹದಿನೈದಕ್ಕಿಂತ ಕೆಳಗೆ ಬಂದವರನ್ನು ಇವತ್ತಿನಿಂದ ಬೇರೆ ಮಾಡಿ ‘ಪಾಸಿಂಗ್ ಪ್ಯಾಕೇಜ್’ ತಂಡಕ್ಕೆ ಹಾಕಬೇಕು. ನೂರಕ್ಕೆ ಮೂವತ್ತೈದು ದಾಟಿಸಲು ಬೇಕಾದಷ್ಟು ಪ್ರಶ್ನೆಗಳನ್ನು ಗಿಣಿಪಾಠ ಮಾಡಿಸುವ ತಂಡ ಅದು. ಅದಕ್ಕೆ ಬಿದ್ದವರಿಗೆ ಹೆಚ್ಚಿನದನ್ನು ಯಾರೂ ಕಲಿಸುವುದಿಲ್ಲ, ಅವರೂ ಕೇಳುವುದಿಲ್ಲ. ಅಂಥ ಏಳು ಹೆಸರಲ್ಲಿ ಒಂದು ಅಂಜಲಿಯದು. ನಲವತ್ತಕ್ಕೆ ಹದಿನಾಲ್ಕು.

ಒಂಬತ್ತನೇ ತರಗತಿಯಲ್ಲಿ ಇದೇ ಹುಡುಗಿ ಮೂವತ್ತೇಳಕ್ಕಿಂತ ಕೆಳಗೆ ಇಳಿದವಳಲ್ಲ. ಪದ್ಯ ಓದಲು ನಿಲ್ಲಿಸಿದರೆ ಪಕ್ಕದ ತರಗತಿಯ ಗದ್ದಲವೂ ನಿಲ್ಲುವಂಥ ಧ್ವನಿ. ಮೊಬೈಲು ಕೈಗೆ ಬಂದಿರಬೇಕು, ಇಲ್ಲವೇ ವಯಸ್ಸಿನ ಗಾಳಿ. ಮೊದಲಿನ ಎರಡು ಟೆಸ್ಟುಗಳನ್ನು ಅವನು ಮನೆಯಲ್ಲಿ ತಿದ್ದಿದ್ದ, ಪಕ್ಕದಲ್ಲಿ ಶೇಖರಮ್ಮ ಕೂತು ಪುಟ ತಿರುವಿ ಕೊಡುತ್ತಿದ್ದಳು. ಮೂರನೆಯದನ್ನು ಒಬ್ಬನೇ ತಿದ್ದಿದ. ಅದಕ್ಕೆಂದೇ ಮಕ್ಕಳಿಗೆಲ್ಲ ಪ್ರತಿ ಪುಟದ ಎಡಕ್ಕೆ ಕೆಂಪು ಸ್ಕೆಚ್ ಪೆನ್ನಿನಿಂದ ದಪ್ಪಗೆ ಮಾರ್ಜಿನ್ ಎಳೆಸಿದ್ದ. ಶಿಸ್ತು ಅಂದರೆ ಶಿಸ್ತು, ಮಾರ್ಜಿನ್ ಇಲ್ಲದಿದ್ದರೆ ಎರಡು ಅಂಕ ಕಟ್! ಎಂದಿದ್ದ. ಹಂಗಿಲ್ಲದೆ, ಯಾರೂ ತಟ್ಟೆ ತಿರುಗಿಸದೆ, ನಲವತ್ತೊಂದು ನೋಟ್‌ಬುಕ್ಕು ಮುಗಿಸಿದ ದಿನ ಸಂಜೆ ಹೆಂಡತಿಗೆ ಮಿರ್ಚಿ ಕಟ್ಟಿಸಿಕೊಂಡು ಹೋಗಿದ್ದ. ಹೋದ ಗುರುವಾರ ತರಗತಿಯಲ್ಲಿ ಅಂಕ ಓದಿದ. ಅಂಜಲಿಯ ಹೆಸರು ಬಂದಾಗ ನೋಟ್‌ಬುಕ್ಕನ್ನೇ ಎತ್ತಿ ಹಿಡಿದ. ಮುಖ್ಯೋಪಾಧ್ಯಾಯರಿಗೊಂದು ಮನವಿ ಪತ್ರ ಬರೆಯಿರಿ ಎಂಬುದು ಐದು ಅಂಕದ ಪ್ರಶ್ನೆ. ಈ ಮಹಾತಾಯಿ ಬರೆದದ್ದು ಪುಟದ ತಲೆಗೆ ಬರಿ ಎರಡು ಸಾಲು. “ಕೇಳ್ರಿ, ಕೇಳ್ರಿ. ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ, ಅಂಜಲಿ.’ ಪತ್ರ ಎಲ್ಲೈತವಾ? ನನಗಂತೂ ಕಾಣವಲ್ದು! ಲಗ್ನಾನ ಇಲ್ಲ, ಬೀಗರು ಊಟಕ್ಕ ಕುಂತಾರ!” ಹುಡುಗರು ಹೋ ಎಂದು ನಕ್ಕರು. ಅವಳು ಎದ್ದು ನಿಂತಿದ್ದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಎಲ್ಲಿಂದಲೋ ಒಂದು ಬಿಕ್ಕು ಕೇಳಿದಂತಾಯಿತು. ಶುಕ್ರವಾರದಿಂದ ಅವಳು ಶಾಲೆಗೆ ಬಂದಿಲ್ಲ.

ಶಾಲೆಯ ಊರ ಹತ್ತಿರ ರಸ್ತೆಯ ಹಂಪಿನ ಮೇಲೆ ಬಸ್ಸು ಎಗರಿ ಬಿತ್ತು. ಚೀಲ ಜಾರಿ ನೋಟ್‌ಬುಕ್ಕುಗಳೆಲ್ಲ ಕಾಲಡಿಗೆ ಚೆಲ್ಲಿದವು. “ತಡೀರಿ ಮಾಸ್ತರ, ನಾ ಆರಿಸಿ ಕೊಡ್ತೀನಿ,” ಎಂದಿತು ಒಂದು ಧ್ವನಿ. ಪಕ್ಕದಲ್ಲಿ ಒಬ್ಬ ಮನುಷ್ಯ ಇಷ್ಟು ದೂರ ಕೂತು ಬಂದಿದ್ದಾನೆಂಬುದೇ ಪಂಪಾಪತಿಗೆ ಆಗ ತಿಳಿಯಿತು. ಆತ ಬಾಗಿ ಒಂದೊಂದಾಗಿ ಎತ್ತಿ ಕೊಟ್ಟ. ಕೊನೆಯದೊಂದನ್ನು ಬಿದ್ದು ತೆರೆದುಕೊಂಡ ಹಾಗೆಯೇ, ತಲೆಕೆಳಗಾಗಿ, ಅವನ ತೊಡೆಯ ಮೇಲೆ ಇಟ್ಟ. ಪಂಪಾಪತಿ ಅದನ್ನು ನೋಡಿದ. ಬಲಗಡೆಯ ಪುಟದ ತುಂಬ ಬರಹ, ತಲೆಕೆಳಗಾದ ಒತ್ತು ಒತ್ತಾದ ಸಾಲು. ಒಂದು ಟಿಕ್ ಇಲ್ಲ. ಒಂದು ಕೆಂಪು ಚುಕ್ಕೆ ಇಲ್ಲ. ಇದನ್ನು ಯಾರೂ ತಿದ್ದಿಲ್ಲವೇ? ನೋಟ್‌ಬುಕ್ಕನ್ನು ನೆಟ್ಟಗೆ ಮಾಡಿದ. ಆ ಪುಟ ಮಾಯವಾಯಿತು. ಅದರ ಜಾಗದಲ್ಲಿ ಅವನ ಟಿಕ್ಕುಗಳಿದ್ದ, ಅವನ ಸಹಿಯಿದ್ದ, ಅವನಿಗೆ ಗೊತ್ತಿದ್ದ ಪುಟ ಬಂತು. ಮತ್ತೆ ತಿರುಗಿಸಿದ, ಎಣ್ಣೆಗಾಯಿ ಬಂತು ಎಂದುಕೊಂಡ, ತನ್ನ ಮೇಲೆ ತನಗೇ ಅಸಹ್ಯವಾಯಿತು.

ಕುತ್ತಿಗೆಯನ್ನು ನೋಯುವಷ್ಟು ಎಡಕ್ಕೆ ಹೊರಳಿಸಿ, ಬೆರಳಿಟ್ಟು ಹುಡುಕಿದ. ತೆರೆದ ಪುಸ್ತಕದಲ್ಲಿ ಎರಡು ಪುಟ, ಎರಡಕ್ಕೂ ಎಡಕ್ಕೊಂದು ಕೆಂಪು ಗೆರೆ. ಬಲಪುಟದ ಗೆರೆ ಪುಸ್ತಕದ ನಟ್ಟನಡುವೆ ನಿಂತಿತ್ತು. ಬಲದಿಂದ ಹೊರಟವನು ಆ ಗೆರೆ ಸಿಕ್ಕಿದ ಕೂಡಲೇ, ವಾಣಿಶ್ರೀ ಹೇಳಿದ ಹಾಗೆ, ಬದು ಬಂತು ಎಂದು ನಿಂತಿದ್ದ. ನಲವತ್ತೊಂದು ಮಕ್ಕಳ ಅರ್ಧರ್ಧ ಹೊಲ ಬದುವಿನ ಆಚೆ ಉಳಿದಿತ್ತು. ಉತ್ತರಗಳು ನಡುವೆ ಹರಿದು ಹೋಗುತ್ತಿದ್ದವಲ್ಲ, ಆಗಲಾದರೂ ಗೊತ್ತಾಗಬಾರದೇ? ಗೊತ್ತಾಗಲಿಲ್ಲ. ಈಗಿನ ಮಕ್ಕಳಿಗೆ ತಲೆ ಇಲ್ಲ ಬಾಲ ಇಲ್ಲ ಎಂದು ಬೈಯುತ್ತ ಅಂಕ ಕತ್ತರಿಸಿದ್ದ. ಕೈಯಲ್ಲಿದ್ದ ನೋಟ್‌ಬುಕ್ಕು ಯಾರದೆಂದು ನೋಡಲು ರಟ್ಟು ತಿರುಗಿಸುವ ಮೊದಲೇ ಅವನಿಗೆ ತಿಳಿದಿತ್ತು. ದುಂಡನೆಯ ದೊಡ್ಡ ಅಕ್ಷರ, ಪ್ರತಿ ಉತ್ತರಕ್ಕೂ ಹೊಸ ಪುಟ. ಅಂಜಲಿಯದು. ಇನ್ನಷ್ಟು ಪುಟ ತಿರುವಿ ಆ ಮನವಿ ಪತ್ರವನ್ನು ಹುಡುಕಿದ. ‘ಇಂತಿ ತಮ್ಮ ವಿಧೇಯ’ದ ಎದುರಿಗೆ, ಎಡಪುಟದ ತುಂಬ ಅದು ಇತ್ತು.

ಇವರಿಗೆ, ಮಾನ್ಯ ಮುಖ್ಯೋಪಾಧ್ಯಾಯರು. ಇವರಿಂದ, ಹತ್ತನೇ ತರಗತಿಯ ಹುಡುಗಿಯರು. ವಿಷಯ: ಕನ್ನಡ ಗುರುಗಳು ನಮ್ಮ ಕಡೆ ನೋಡದೇ ಇರುವ ಬಗ್ಗೆ. ಮಾನ್ಯರೇ, ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಕನ್ನಡ ಗುರುಗಳು ಜೂನ್ ತಿಂಗಳಿಂದ ನಮಗೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ನಾವು ಕೈ ಎತ್ತಿದರೂ ಹುಡುಗರನ್ನೇ ಕೇಳುತ್ತಾರೆ. ನಮಸ್ಕಾರ ಮಾಡಿದರೆ ತಿರುಗಿ ಮಾಡುವುದಿಲ್ಲ. ಅವರು ಬಹಳ ಚೆನ್ನಾಗಿ ಪಾಠ ಮಾಡುತ್ತಾರೆ. ಮೊದಲು ಹೀಗೆ ಇರಲಿಲ್ಲ. ನಮ್ಮಿಂದ ಏನು ತಪ್ಪಾಗಿದೆಯೋ ನಮಗೆ ತಿಳಿಯದು. ದಯಮಾಡಿ ತಾವು ಕೇಳಿ ತಿಳಿಸಿದರೆ ತಿದ್ದಿಕೊಳ್ಳುತ್ತೇವೆ. ವಂದನೆಗಳೊಂದಿಗೆ.

ಬಸ್ಸು ಇಳಿದು ಶಾಲೆಯ ದಾರಿಯಲ್ಲಿ ನಡೆಯುವಾಗ ಅವನಿಗೆ ತರಗತಿ ಕಣ್ಣಿಗೆ ಕಟ್ಟಿತು, ಅಂದರೆ ಅದರ ಅರ್ಧ. ಬಾಗಿಲಿಂದ ಬಂದು ಮೇಜಿನ ಹಿಂದೆ ನಿಂತರೆ ಬಲಕ್ಕೆ ಹುಡುಗರ ಸಾಲು, ಎಡಕ್ಕೆ ಹುಡುಗಿಯರ ಸಾಲು. ಅವನು ಕೆಲಸಕ್ಕೆ ಬಂದಾಗಿನಿಂದ ಹಾಗೆಯೇ. ಹಾಜರಿ ಕರೆಯುವಾಗ ಹೆಣ್ಣುಧ್ವನಿಗಳು ಕೇಳುತ್ತಿದ್ದವು, ಪೆನ್ನು ತಾನಾಗಿ ಹಾಜರಿ ಹಾಕುತ್ತಿತ್ತು. ಧ್ವನಿ ಇದ್ದ ಮೇಲೆ ಮುಖ ಎಲ್ಲಿ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮುಚ್ಚಿಟ್ಟದ್ದು ತನ್ನ ಕಣ್ಣಿನ ವಿಷಯ, ಅದರಿಂದ ಕಷ್ಟ ತನಗೊಬ್ಬನಿಗೇ ಎಂದುಕೊಂಡಿದ್ದ. ಏಳು ತಿಂಗಳು ಹತ್ತೊಂಬತ್ತು ಹುಡುಗಿಯರು ತಾವೇನು ತಪ್ಪು ಮಾಡಿದೆವೆಂದು ಹುಡುಕುತ್ತ ಕೂತಿದ್ದಾರೆ. ಅದರಲ್ಲೊಬ್ಬಳು ಧೈರ್ಯ ಮಾಡಿ, ನೇರ ಕೇಳಲು ಹೆದರಿ, ಪರೀಕ್ಷೆಯ ಉತ್ತರವೆಂಬ ನೆವದಲ್ಲಿ ಅವನ ಕೈಗೇ ಪತ್ರ ಕೊಟ್ಟಳು. ಅವನು ಅದನ್ನು ಓದಿ, ಐದಕ್ಕೆ ಸೊನ್ನೆ ಹಾಕಿ, ತುಂಬಿದ ತರಗತಿಯಲ್ಲಿ ‘ಪತ್ರ ಎಲ್ಲೈತವಾ’ ಎಂದು ಅಣಕಿಸಿದ್ದಾನೆ. ಅವಳಿಗೆ ಗೊತ್ತಿರುವುದು ಇಷ್ಟೇ. ಥೂ ನಿನ್ನ, ಎಂದ ದಾರಿಯಲ್ಲೇ, ಜೋರಾಗಿ.

ಮುಖ್ಯೋಪಾಧ್ಯಾಯ ಕೊಟ್ರಪ್ಪನವರು ಎಲ್ಲವನ್ನೂ ಕೇಳಿಸಿಕೊಂಡು ಎದ್ದು ಬಾಗಿಲು ಮುಂದೆ ಮಾಡಿ ಬಂದರು. ಕೆಟ್ಟ ಮನುಷ್ಯರಲ್ಲ. ಅವನು ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಬಂದು ನೋಡಿಕೊಂಡು ಹೋದವರು. “ಮತ್ತ ಯಾರಿಗೆ ಹೇಳೀರಿ?” ಎಂದರು. ಯಾರಿಗೂ ಇಲ್ಲ ಎಂದ. “ಹೇಳಬ್ಯಾಡ್ರಿ. ನಿಮಗ ಇನ್ನೂ ಹನ್ನೊಂದ ವರ್ಷ ಸರ್ವಿಸ್ ಐತಿ. ಕಾಣಂಗಿಲ್ಲ ಅಂತ ಬರದು ಮ್ಯಾಲ ಹೋತಂದ್ರ ಏನಕ್ಕೈತಿ ಗೊತ್ತೈತೇನ್ರಿ? ಕೂಡಿಸೂದ್ರಾಗ ತಪ್ಪಾಗಿತ್ತು ಅನ್ರಿ, ಮಾರ್ಕ್ಸ ಸರಿ ಮಾಡ್ರಿ, ಹುಡಿಗಿ ಹೆಸರು ಲಿಸ್ಟಿನ್ಯಾಗಿಂದ ತಗೀರಿ. ಯಾರಿಗೂ ಅನ್ಯಾಯ ಇಲ್ಲ. ಗುಳಿಗಿ ನುಂಗಿದಂಗ ನುಂಗಿಬಿಡ್ರಿ.” ಮಾತು ಎಷ್ಟು ಸರಿಯಾಗಿತ್ತೆಂದರೆ ಪಂಪಾಪತಿಯ ಎದೆ ಹಗುರಾಯಿತು. ನೋಟ್‌ಬುಕ್ಕುಗಳನ್ನು ತಲೆಕೆಳಗು ಮಾಡಿ ಮಾಡಿ ನೋಡುತ್ತ, ಸಭೆ ಕೂಡುವ ಮೊದಲು ಏಳು ಹೆಸರಿನಲ್ಲಿ ಐದನ್ನು ಹೊಡೆದು ಹಾಕಿದ. ಅಂಜಲಿಯದು ಮೂವತ್ತೆರಡಾಯಿತು. ಪತ್ರಕ್ಕೆ ಮಾತ್ರ ಅಂಕ ಕೊಡಲು ಕೈ ಬರಲಿಲ್ಲ, ಹಾಗೇ ಬಿಟ್ಟ.

ಸಭೆ ಹತ್ತನೇ ತರಗತಿಯ ಕೋಣೆಯಲ್ಲೇ. ಹೆಚ್ಚು ಜನ ಬಂದಿರಲಿಲ್ಲ, ಸಿದ್ದಾಪುರದ ಕಡೆ ಭತ್ತದ ಕೆಲಸ ನಡೆದಿತ್ತು, ಅರ್ಧ ಊರು ಅಲ್ಲಿಗೆ ಹೋಗಿತ್ತು. ಒಬ್ಬೊಬ್ಬರನ್ನೇ ಕರೆದು ಅಂಕ ಹೇಳಿ ಕಳಿಸುವುದು. ಕೂಡಿಸುವಾಗ ತಪ್ಪಾಗಿತ್ತು, ಈಗ ಸರಿಯಾಗಿದೆ ಎಂದು ಅವನು ಮೂವರಿಗೆ ಹೇಳಿದ. ಮೂವರೂ ಖುಷಿಯಾಗಿ ಹೋದರು. ನಾಲ್ಕನೆಯದಾಗಿ ಇನ್ನೊಬ್ಬ ಹುಡುಗಿಯ ಹೆಸರು ಕರೆದಾಗ, “ಅಕಿ ಹೆಸರು ಆಮ್ಯಾಲ ಕರೀವಂತಿ, ಮಾಸ್ತರ. ನಾ ಬಂದು ನಿಂತು ಭಾಳೊತ್ತಾತು. ಮೂರ ಸಲ ಶರಣು ಮಾಡಿನಿ,” ಎಂದಿತು ಎಡಗಡೆಯಿಂದ ಒಂದು ಮುದಿ ಧ್ವನಿ. ಹೊರಳಿ ನೋಡಿದ. ಅಂಜಲಿಯ ಅಜ್ಜಿ ಮುದಕಮ್ಮ. ಅವಳ ಬೆನ್ನ ಹಿಂದೆ ದುಪ್ಪಟ್ಟದ ತುದಿ ಹಲ್ಲಿನಲ್ಲಿ ಕಚ್ಚಿಕೊಂಡ ಹುಡುಗಿ. ಮುದುಕಿಯ ಮುಖದಲ್ಲಿ ಸಿಟ್ಟಿದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

“ಇವರಪ್ಪ ಯಂಕೋಬ ಭತ್ತಾ ಕೊಯ್ಯಾಕ ಹೋಗ್ಯಾನ್ರಿ, ಅದಕ್ಕ ನಾ ಬಂದೆ,” ಎಂದಳು. “ಎಪ್ಪಾ, ನಾ ಓದಿಲ್ಲ ಬರದಿಲ್ಲ. ಈ ಹುಡಿಗಿ ಏನೋ ಬರೀಬಾರದ್ದು ಬರದಾಳಂತ. ನಾಕ ದಿನಾತು ನೆಟ್ಟಗ ಕೂಳ ಉಂಡಿಲ್ಲ. ಇನ್ನ ಸಾಲಿಗೆ ಹೋಗಂಗಿಲ್ಲ, ನಾನೂ ಭತ್ತಕ್ಕ ಹೋಗ್ತೀನಿ, ಆ ಮಾಸ್ತರ ಮಾರಿ ಹೆಂಗ ನೋಡ್ಲಿ ಅಂತಾಳ. ಏ, ಮುಂದ ಬಾ, ಕಾಲ ಬೀಳು. ತಪ್ಪಾಗೇತ್ರಿ. ತಾಯಿಲ್ಲದ ಕೂಸು, ನಾನ ಬುದ್ಧಿ ಹೇಳೂದ್ರಾಗ ಕಡಿಮಿ ಬಿದ್ದೆ. ಹೊಟ್ಟ್ಯಾಗ ಹಾಕ್ಕೋ ನಮ್ಮಪ್ಪ.” ಹಾಗೆ ಹೇಳುತ್ತಲೇ ಮೊಮ್ಮಗಳ ತಲೆ ಹಿಡಿದು ಬಗ್ಗಿಸಿದಳು. ಹುಡುಗಿಯ ಬೆರಳು ಅವನ ಚಪ್ಪಲಿಗೆ ತಾಗಿತು. ಕೊಟ್ರಪ್ಪನವರು ತಟ್ಟನೆ, “ಏ ಅಜ್ಜಿ, ತಪ್ಪೇನಿಲ್ಲಬೇ, ಮೂವತ್ತೆರಡ ಬಂದಾವ ಅಕಿಗೆ. ಕೂಡಿಸೂದ್ರಾಗ ತಪ್ಪಾಗಿತ್ತು ಅಷ್ಟ,” ಎಂದರು. ಅಂಜಲಿ ತಲೆ ಎತ್ತಿದಳು. ಅವಳ ಮುಖದಲ್ಲಿ ಖುಷಿ ಕಾಣಲಿಲ್ಲ. ಅಂಕ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದಾರೆ ಎಂದು ತಿಳಿದ ಮುಖ ಅದು, ಹದಿನಾರು ವರ್ಷದ ಮುಖದಲ್ಲಿ ಇರಬಾರದ್ದು. ಮೂವತ್ತೆರಡು ತೆಗೆದುಕೊಂಡು ಇವಳು ನಾಳೆಯೇ ಭತ್ತದ ಗದ್ದೆಗೆ ಹೋಗುತ್ತಾಳೆ ಎಂದು ಪಂಪಾಪತಿಗೆ ಖಾತ್ರಿಯಾಯಿತು. ಗುಳಿಗೆ ಗಂಟಲಲ್ಲಿ ನಿಂತಿತು.

“ಪತ್ರ ನಾ ಓದಿದ್ದಿಲ್ಲವಾ,” ಎಂದ. ಧ್ವನಿ ತನಗೇ ಸಣ್ಣದಾಗಿ ಕೇಳಿ, ಮತ್ತೆ ಜೋರಾಗಿ ಹೇಳಿದ. “ಎಲ್ಲಾರೂ ಕೇಳ್ರಿ. ಕೂಡಿಸೂದ್ರಾಗ ತಪ್ಪಾಗಿಲ್ಲ. ನನಗ ಎಡಗಡಿ ಕಾಣಂಗಿಲ್ಲ. ಬೈಕ್ ಮ್ಯಾಲಿಂದ ಬಿದ್ದಾಗಿಂದ ಕಾಣಂಗಿಲ್ಲ. ಮುಚ್ಚಿಟ್ಟಿದ್ದೆ. ಈ ಹುಡುಗ್ರು ಎಡಗಡಿ ಪುಟದಾಗ ಬರದದ್ದು ಒಂದೂ ನಾ ನೋಡಿಲ್ಲ. ಹುಡಿಗ್ಯಾರು ಎಡಕ್ಕ ಕೂಡತಾರ, ಅವರನ್ನೂ ನೋಡಿಲ್ಲ. ನೀವ್ಯಾರೂ ತಪ್ಪು ಮಾಡಿಲ್ಲವಾ. ತಪ್ಪು ನಂದು.” ಆಮೇಲೆ ಹಿಂದಿನಿಂದ ಒಬ್ಬ, “ಅಯ್ಯ, ಕಾಣಲಾರದವ ಹೆಂಗ ಕಲಸ್ತಾನ್ರಿ?” ಎಂದ. ಇನ್ನೊಬ್ಬ, “ಹಂಗಾರ ನಮ್ಮ ಕಳಕೇಶಂದು ಎಷ್ಟ ಹೋದುವು?” ಎಂದು ಎದ್ದ. ಕೊಟ್ರಪ್ಪನವರು ಹಣೆ ಹಿಡಿದುಕೊಂಡು ಕೂತರು. ಪಂಪಾಪತಿಗೆ ನಾಚಿಕೆಯಾಯಿತು, ಕೂತಲ್ಲೇ ಹೂತುಹೋಗಬೇಕು ಅನ್ನಿಸುವಷ್ಟು ನಾಚಿಕೆ. ಆದರೂ ಎದ್ದು ಹೋಗಲಿಲ್ಲ.

“ಖರೇನ ಕಾಣಂಗಿಲ್ಲೇನ್ರಿ ಸರ?” ಎಂದಳು ಅಂಜಲಿ. “ಏನ ನನ್ನ ಸಮಾಧಾನಕ್ಕ ಹೇಳಾಕತ್ತೀರಿ?” ಅವನು ಉತ್ತರ ಕೊಡುವ ಮೊದಲೇ ಅವಳು ಸರಿದು ಎಲ್ಲೋ ಹೋದಳು, ಅಂದರೆ ಇಲ್ಲವಾದಳು. “ನೇರ ನೋಡ್ರಿ. ಈಗ ಹೇಳ್ರಿ, ಎಷ್ಟ ಬೆರಳು?” ಹತ್ತಾರು ಜನರ ಮುಂದೆ ಒಂದು ಹುಡುಗಿ ಮಾಸ್ತರನ ಪರೀಕ್ಷೆ ಮಾಡುತ್ತಿದ್ದಳು. ಏಳು ತಿಂಗಳಿಂದ ಪಳಗಿದ ಕುತ್ತಿಗೆ ಧ್ವನಿ ಬಂದ ಕಡೆಗೆ ತಾನಾಗಿ ಹೊರಳಲು ನೋಡಿತು. ಕಣ್ಣುಗುಡ್ಡೆ ಆ ಹಳೆಯ ಕಳ್ಳದಾರಿ ಹಿಡಿಯಲು ತವಕಿಸಿತು, ಕೂದಲೆಳೆಯಷ್ಟು ಸರಿದರೆ ಸಾಕು, ಲೆಕ್ಕ ಸಿಗುತ್ತದೆ, ಅರ್ಧ ಮರ್ಯಾದೆಯೂ ಉಳಿಯುತ್ತದೆ. ಅವನು ಕೊಟ್ರಪ್ಪನವರ ಹಣೆಯ ವಿಭೂತಿಯ ಮೇಲೆ ಕಣ್ಣು ನೆಟ್ಟ. ನೀರು ಬಂತು, ರೆಪ್ಪೆ ಮುಚ್ಚಲಿಲ್ಲ. “ಗೊತ್ತಿಲ್ಲವಾ,” ಎಂದ. “ನೀ ಎಲ್ಲಿ ನಿಂತೀ ಅನ್ನೂದೂ ಗೊತ್ತಿಲ್ಲ.”

ಆಮೇಲೆ ತೀರ ಹತ್ತಿರದಿಂದ, ಕಿವಿಯ ಪಕ್ಕದಿಂದಲೇ ಎಂಬಂತೆ, “ಎಡಗಣ್ಣಿನ ಮುಂದ ಹಿಡದಿದ್ನಿರಿ ಸರ, ಐದೂ ಬೆರಳು,” ಎಂದಿತು ಆ ಧ್ವನಿ, ಮತ್ತು ಅಳತೊಡಗಿತು. ಮುದಕಮ್ಮ ಮೊಮ್ಮಗಳನ್ನು ಎಳೆದುಕೊಂಡಳು. ಅವನನ್ನು ಒಂದು ಗಳಿಗೆ ನೋಡಿ, “ಅದಕ್ಕ ನೀ ಕೋಳಿ ಹಂಗ ಸೊಟ್ಟ ಸೊಟ್ಟ ನೋಡ್ತಿದ್ದಿ. ಸೊಕ್ಕು ಬಂದೈತಿ ಅಂದಿದ್ನೆಪಾ ನಾ. ಮೊದಲ ಹೇಳಬಾರದ? ಕಣ್ಣು ಕಾಣಂಗಿಲ್ಲ ಅನ್ನಾಕ ಎದರ ನಾಚಿಕಿ? ನನಗೂ ಒಂದ ಕಣ್ಣು ಮಬ್ಬು,” ಎಂದಳು. ಯಾರೋ ನಕ್ಕರು, ಈ ಸಲದ ನಗು ಬೇರೆ ಥರ ಇತ್ತು. ಹಾಗೆಂದು ಎಲ್ಲ ಸರಿಹೋಯಿತೆಂದಲ್ಲ. ಜನ ಕರಗಿದ ಮೇಲೆ ಕೊಟ್ರಪ್ಪನವರು ಅವನ ಮುಖ ನೋಡದೆ ಹೇಳಿದರು: “ಇಷ್ಟ ಮಂದಿ ಮುಂದ ಅಂದೀರಿ. ಇನ್ನ ನಾ ಆಫೀಸಿಗೆ ಬರೀಲಾರದ ಇರಾಕ ಬರಂಗಿಲ್ಲ. ಅವರೇನ ಮಾಡ್ತಾರೋ ನನಗ ಗೊತ್ತಿಲ್ಲ.” “ಬರೀರಿ,” ಎಂದ ಪಂಪಾಪತಿ. ಶೇಖರಮ್ಮನಿಗೆ ಹೇಗೆ ಹೇಳುವುದು ಎಂದು ಯೋಚಿಸಿದ. ಅವಳು ಹೌದೇನ್ರಿ ಎನ್ನುತ್ತಾಳೆ, ಅಷ್ಟೇ.

ಮಧ್ಯಾಹ್ನದ ಮೇಲೆ ಅವನ ಪಿರಿಯಡ್ ಇತ್ತು. ಒಳಗೆ ಬಂದಾಗ ಮಕ್ಕಳೆಲ್ಲ ಎದ್ದು ನಿಂತರು, ಯಾವತ್ತಿಗಿಂತ ನಿಶ್ಶಬ್ದವಾಗಿ. ಅವನು ಮೇಜಿನ ಹಿಂದೆ ನಿಲ್ಲಲಿಲ್ಲ. ಹಲಗೆಯ ಉದ್ದಕ್ಕೂ ಎಡಕ್ಕೆ ನಡೆದ, ಎಡಭುಜ ಪಕ್ಕದ ಗೋಡೆಗೆ ತಾಗುವ ತನಕ ನಡೆದ. ಇನ್ನು ಆಚೆ ಏನೂ ಇಲ್ಲ, ಇದೇ ಕೊನೆಯ ಬದು. ಅಲ್ಲಿ ಹಲಗೆಗೆ ಬೆನ್ನು ಕೊಟ್ಟು ತರಗತಿಯ ಕಡೆಗೆ ತಿರುಗಿದ. ಇಡೀ ತರಗತಿ ಬಲಕ್ಕೆ ಬಂತು. ಹುಡುಗಿಯರು ಇದ್ದರು. ಒಂಬತ್ತನೆಯಲ್ಲಿ ಎರಡು ಜಡೆಯ ಮಕ್ಕಳಾಗಿದ್ದವರು ಎತ್ತರವಾಗಿದ್ದರು. ಇಮಾಮಬೀಗೆ ಕನ್ನಡಕ ಬಂದಿತ್ತು, ಅದು ಯಾವಾಗ ಬಂತೋ. ಅವನು ಒಬ್ಬೊಬ್ಬರನ್ನೇ ನೋಡಿದ, ಅವರು ಸಂಕೋಚದಿಂದ ಕಣ್ಣು ತಗ್ಗಿಸಿದರು. ಎರಡನೇ ಬೆಂಚಿನ ತುದಿಯಲ್ಲಿ ಅಂಜಲಿ ಇದ್ದಳು, ಕಣ್ಣು ಊದಿದ್ದವು. ಅವಳನ್ನು ಕರೆದು ನೋಟ್‌ಬುಕ್ಕು ಕೊಟ್ಟ. ಎಡಪುಟದ ಪತ್ರದ ಕೆಳಗೆ ಕೆಂಪು ಶಾಯಿಯಲ್ಲಿ ನಾಲ್ಕೂವರೆ ಎಂದು ಬರೆದಿದ್ದ.

ಅವಳು ಅದನ್ನು ನೋಡಿ ನಿಂತಳು. “ಅರ್ಧಾ ಯಾಕ ಕಟ್ ಮಾಡೀರ್ರಿ ಸರ?” ಎಂದಳು, ಹಳೆಯ ಅಂಜಲಿಯ ಧ್ವನಿಯಲ್ಲಿ. “ಪತ್ರಕ್ಕ ದಿನಾಂಕ ಹಾಕಿಲ್ಲ ನೀ,” ಎಂದ. ಅವಳು ಅಲ್ಲೇ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಪೆನ್ನು ತೆಗೆದಳು. ಬರೆಯಲು ಹೋಗಿ ತಡೆದಳು. “ಪರೀಕ್ಷಾ ಇದ್ದ ದಿನದ್ದು ಹಾಕ್ಲೇನ್ರಿ?”

“ಇವತ್ತಿಂದು ಹಾಕು,” ಎಂದ ಪಂಪಾಪತಿ. “ನನಗ ಇವತ್ತ ಮುಟ್ಟೇತಿ.”

ಅವಳು ಬರೆದು ಹೋಗಿ ಕೂತಳು. ಅವನು ಹಿಂದಿನ ಪಾಠದಿಂದ ಒಂದು ಪ್ರಶ್ನೆ ಕೇಳಿದ. ಹುಡುಗರ ಕಡೆ ಏಳೆಂಟು ಕೈ ಎದ್ದವು. ಹುಡುಗಿಯರ ಕಡೆ ಮೊದಲು ಯಾವ ಕೈಯೂ ಏಳಲಿಲ್ಲ. ಅವನು ಗೋಡೆಗೆ ಭುಜ ಕೊಟ್ಟು ಕಾದ. ಆಮೇಲೆ ಒಂದು ಕೈ, ಅರ್ಧ ಎದ್ದು, ಇಳಿಯಲೋ ಬೇಡವೋ ಎಂದು ನಿಂತಿತು.

“ಇಮಾಮಬೀ,” ಎಂದ. ಅವಳು ಎದ್ದು ನಿಂತಳು.